ಸಿಟಿ ಸಸ್ಟೈನಬಿಲಿಟಿ ಕಮಿಷನ್ ಸೇರಿದರೆ ನಿಜವಾಗಿ ಏನು ಮಾಡೋಕಾಗತ್ತೆ? (2027ರ ವಾಟರ್ ಹೀಟರ್ ನಿಯಮದ ವಿಚಾರ)

ಹೊಂಗೆಮರ:

ಎಲ್ಲರಿಗೂ ನಮಸ್ಕಾರ. ಕ್ಯಾಲಿಫೋರ್ನಿಯಾದ ಸಾಂತಾ ಕ್ಲಾರಾ ಕೌಂಟಿಯಲ್ಲಿರೋ ನಮ್ಮ ಊರಿನ ಸಸ್ಟೈನಬಿಲಿಟಿ ಕಮಿಷನ್‌ನಲ್ಲಿ ಒಂದು ಸ್ಥಾನ ಖಾಲಿ ಬಿದ್ದಿದೆ. ಸಿಟಿ ಕ್ಲರ್ಕ್ ಕಚೇರಿಯವರು ಅರ್ಜಿ ಕರೆದಿದ್ದಾರೆ. ಹಾಕೋಣ ಅಂತಿದ್ದೀನಿ, ಅದಕ್ಕೆ ಮುಂಚೆ ಬಲ್ಲವರನ್ನು ಕೇಳೋದು ಒಳ್ಳೇದು ಅನ್ನಿಸಿತು.

ಪೌರತ್ವ ಇಲ್ಲದವರು ಸದಸ್ಯರಾಗಬಹುದಾ? ಕಮಿಷನ್‌ಗೆ ಅಧಿಕಾರ ಅಂತ ಏನಾದರೂ ಇದೆಯಾ, ಇಲ್ಲ ಬರೀ ಮಾತಾ? ನನ್ನ ಮನಸ್ಸಿನಲ್ಲಿರೋ ವಿಷಯ 2027ರಿಂದ ಬರೋ ಗ್ಯಾಸ್ ವಾಟರ್ ಹೀಟರ್ ನಿಯಮ. ಇಲ್ಲಿ ನಮ್ಮವರು ತುಂಬಾ ಜನ 50-60ರ ದಶಕದಲ್ಲಿ ಕಟ್ಟಿದ ಮನೆಗಳಲ್ಲಿದ್ದಾರೆ: ಕರೆಂಟಿಗೆ 100 ಆಂಪ್ ಪ್ಯಾನೆಲ್, ಹೀಟರ್ ಗ್ಯಾರೇಜಿನಲ್ಲಿ. ವಾಟ್ಸಾಪ್ ಗುಂಪುಗಳಲ್ಲಿ "ಗ್ಯಾಸ್ ಬ್ಯಾನ್, 20 ಸಾವಿರ ಡಾಲರ್ ಖರ್ಚು" ಅಂತ ಗಾಬರಿ ಹಬ್ಬಿಸ್ತಿದ್ದಾರೆ. ಊರಿನ ಕಮಿಷನ್ ಇದರಲ್ಲಿ ಏನಾದರೂ ಮಾಡೋಕೆ ಸಾಧ್ಯವಾ?

---

ತೂಗುಸೇತುವೆ:

ಮೊದಲು ಅರ್ಹತೆ. 2020ರ ಜನವರಿ 1ರಿಂದ ಜಾರಿಯಲ್ಲಿರುವ ರಾಜ್ಯದ ಕಾನೂನು ಎಸ್‌ಬಿ 225 ಪ್ರಕಾರ 18 ತುಂಬಿದ, ರಾಜ್ಯದಲ್ಲಿ ವಾಸವಿರುವ ಯಾರು ಬೇಕಾದರೂ ನೇಮಕದ ಹುದ್ದೆಗೆ ಅರ್ಹರು. ಪೌರತ್ವ, ವೀಸಾ ಅಡ್ಡಿಯಲ್ಲ. ಆದರೂ ನಿಮ್ಮೂರಿನ ಚಾರ್ಟರ್ ಅಥವಾ ಮುನಿಸಿಪಲ್ ಕೋಡ್‌ನಲ್ಲಿ ಕಮಿಷನ್ ಬಗ್ಗೆ ಇರುವ ಅಧ್ಯಾಯ ತೆಗೆದು ಓದಿ. ಕೆಲವು ಕಡೆ "ನೋಂದಾಯಿತ ಮತದಾರ" ಅನ್ನುವ ಷರತ್ತು ಇರಬಹುದು. ಇದ್ದರೆ ಕ್ಲರ್ಕ್‌ಗೆ ಈಮೇಲ್ ಮಾಡಿ ಕೇಳಿ, ಉತ್ತರ ಬರಹದಲ್ಲಿ ಸಿಗಲಿ. ಸದಸ್ಯರಿಗೆ ಭತ್ಯೆ ಕೊಡುವ ಊರಾದರೆ ಎಚ್-1ಬಿಯಲ್ಲಿರುವವರು ಇಮಿಗ್ರೇಷನ್ ವಕೀಲರನ್ನು ಕೇಳದೆ ಒಪ್ಪಿಕೊಳ್ಳಬೇಡಿ.

ಅವಧಿಗೆ ಮುಂಚೆ ತೆರವಾದ ಸ್ಥಾನವಾದರೆ 20 ದಿನದೊಳಗೆ ನೋಟಿಸ್ ಹಾಕಬೇಕು, ಹಾಕಿದ ಮೇಲೆ ಕನಿಷ್ಠ 10 ಕೆಲಸದ ದಿನ ಕಳೆಯದೆ ನೇಮಕ ಮಾಡುವಂತಿಲ್ಲ. ಅಷ್ಟರೊಳಗೆ ಕಮಿಷನ್‌ನ ಹಿಂದಿನ ಒಂದು ವರ್ಷದ ಮಿನಿಟ್ಸ್ ಮತ್ತು ಈ ವರ್ಷದ ವರ್ಕ್ ಪ್ಲಾನ್ ಓದಿಬಿಡಿ. ಸಂದರ್ಶನದಲ್ಲಿ ಕೌನ್ಸಿಲ್‌ನವರು "ಹವಾಮಾನದ ಬಗ್ಗೆ ನಿಮಗೆಷ್ಟು ಕಾಳಜಿ" ಅನ್ನೋದಕ್ಕಿಂತ ನಿಮಗೆ ಈ ಊರಿನ ಕಾಗದಪತ್ರ ಗೊತ್ತಿದೆಯಾ ಅಂತಲೇ ನೋಡ್ತಾರೆ.

ಇನ್ನು ಅಧಿಕಾರ. ಇದು ಸಲಹಾ ಸಮಿತಿ. ಕುಪರ್ಟಿನೋದಲ್ಲಿ 5 ಜನ, ಸನ್ನಿವೇಲ್‌ನಲ್ಲಿ 7 ಜನ. ದುಡ್ಡು ಖರ್ಚು ಮಾಡುವಂತಿಲ್ಲ, ಆರ್ಡಿನೆನ್ಸ್ (ಊರಿನ ಕಾನೂನು) ಮಾಡುವಂತಿಲ್ಲ, ಸಿಟಿ ಸಿಬ್ಬಂದಿಗೆ "ಇದು ಮಾಡ್ರಿ" ಅನ್ನುವಂತಿಲ್ಲ. ಕೌನ್ಸಿಲ್ ಒಪ್ಪಿದ ವರ್ಕ್ ಪ್ಲಾನ್‌ನಲ್ಲಿ ಇಲ್ಲದ ವಿಷಯಕ್ಕೆ ಸಿಬ್ಬಂದಿಯ ಸಮಯವೇ ಸಿಗೋದಿಲ್ಲ. ಹೊಸಬರು ಎಡವೋದು ಇಲ್ಲೇ: ಚಂದದ ಪ್ರೆಸೆಂಟೇಷನ್ ಮಾಡ್ತಾರೆ, ಎಲ್ಲರೂ ಹೊಗಳ್ತಾರೆ, ಅದು ಅಲ್ಲಿಗೇ ಮುಗಿಯತ್ತೆ.

ಸಭೆಗಳು ಜನರ ಮುಂದೆಯೇ ನಡೆಯಬೇಕು ಅನ್ನುವ ಬ್ರೌನ್ ಆಕ್ಟ್ ಅಂತ 1953ರ ಕಾನೂನು ಇದೆ, ಅದನ್ನು ಬಾಯಿಪಾಠ ಮಾಡಿದಷ್ಟು ಒಳ್ಳೇದು. ಮಾಮೂಲಿ ಸಭೆಯ ಅಜೆಂಡಾ 72 ಗಂಟೆ ಮುಂಚೆ ಹೊರಬೀಳಬೇಕು. ಅದರಲ್ಲಿಲ್ಲದ ವಿಷಯ ಚರ್ಚಿಸುವಂತಿಲ್ಲ. ಏಳು ಜನರ ಕಮಿಷನ್‌ನಲ್ಲಿ ನಾಲ್ವರು ಸಭೆಯ ಹೊರಗೆ ವಿಷಯ ಮಾತಾಡಿಕೊಂಡರೆ ಅದು ಕಾನೂನುಬಾಹಿರ ಸಭೆ. ಒಟ್ಟಿಗೆ ಕೂರಲೇಬೇಕು ಅಂತಿಲ್ಲ. ಒಬ್ಬರಿಂದ ಇನ್ನೊಬ್ಬರಿಗೆ, ಅವರಿಂದ ಮತ್ತೊಬ್ಬರಿಗೆ ಈಮೇಲ್ ಸಾಗಿದರೂ ಅಷ್ಟೇ. ಆದ್ದರಿಂದ ಕಮಿಷನರ್‌ಗಳ ವಾಟ್ಸಾಪ್ ಗುಂಪು ಬೇಡವೇ ಬೇಡ. ಸೋಷಿಯಲ್ ಮೀಡಿಯಾ ಇನ್ನೂ ಬಿಗಿ: 2021ರಿಂದ ಎಬಿ 992 ಪ್ರಕಾರ, ಕಮಿಷನ್ ವ್ಯಾಪ್ತಿಯ ವಿಷಯದಲ್ಲಿ ಸಹಸದಸ್ಯರ ಪೋಸ್ಟ್‌ಗೆ ನೀವು ಒಂದು ಥಂಬ್ಸ್ ಅಪ್ ಒತ್ತಿದರೂ ತಪ್ಪು. ಅಲ್ಲಿ "ಬಹುಮತ" ಅನ್ನೋ ಲೆಕ್ಕ ಕೂಡ ಇಲ್ಲ, ಒಬ್ಬರೇ ಸಾಕು.

ಇನ್ನೊಂದು. ಸಿಟಿ ಕೆಲಸದ ಮಾತು ನಿಮ್ಮ ಸ್ವಂತ ಜಿಮೇಲ್‌ನಲ್ಲಿದ್ದರೂ ಅದು ಸಾರ್ವಜನಿಕ ದಾಖಲೆ ಅಂತ ರಾಜ್ಯದ ಸುಪ್ರೀಂ ಕೋರ್ಟ್ 2017ರಲ್ಲಿ ಸ್ಯಾನ್ ಹೋಸೆಯ ಪ್ರಕರಣದಲ್ಲಿ ಹೇಳಿದೆ. ಕಮಿಷನ್‌ಗೆ ಅಂತಲೇ ಬೇರೆ ಈಮೇಲ್ ಇಟ್ಟುಕೊಳ್ಳಿ, ಇಲ್ಲದಿದ್ದರೆ ಯಾರೋ ದಾಖಲೆ ಕೇಳಿದ ದಿನ ಪೂರ್ತಿ ಇನ್‌ಬಾಕ್ಸ್ ಜಾಲಾಡುತ್ತಾ ಕೂರಬೇಕಾಗತ್ತೆ.

---

ನೀರುಕಾಗೆ:

ವಾಟರ್ ಹೀಟರ್ ವಿಷಯಕ್ಕೆ ಬರ್ತೀನಿ. ವಾಟ್ಸಾಪ್‌ನಲ್ಲಿ ಓಡಾಡ್ತಿರೋದರಲ್ಲಿ ಅರ್ಧ ತಪ್ಪು.

ಇದು ನಿಮ್ಮ ಸಿಟಿ ಮಾಡಿದ ನಿಯಮ ಅಲ್ಲ. ಬೇ ಏರಿಯಾದಲ್ಲಿ ಗಾಳಿಯ ಮಾಲಿನ್ಯ ನಿಯಂತ್ರಿಸೋ ಏರ್ ಡಿಸ್ಟ್ರಿಕ್ಟ್ 2023ರ ಮಾರ್ಚ್‌ನಲ್ಲಿ ಒಪ್ಪಿದ ತಿದ್ದುಪಡಿ. ಗುರಿ ನೈಟ್ರೋಜನ್ ಆಕ್ಸೈಡ್ ಹೊಗೆ: ಹೊಸ ಹೀಟರ್ ಅದನ್ನು ಬಿಡಲೇಬಾರದು, ಹಾಗಾಗಿ ಗ್ಯಾಸ್ ಬದಲು ಕರೆಂಟಿನ ಹೀಟ್ ಪಂಪ್ ಹೀಟರಿನ ಮಾತು. ಅದರ ಪ್ರಕಾರ ಗಂಟೆಗೆ 75,000 ಬಿಟಿಯುಗಿಂತ (ಬಿಟಿಯು ಅಂದರೆ ಶಾಖದ ಅಳತೆ) ಕಡಿಮೆಯ ಹೀಟರ್‌ಗಳಿಗೆ 2027ರ ಜನವರಿ 1, ಫರ್ನೇಸ್‌ಗೆ (ಮನೆ ಬೆಚ್ಚಗಿಡೋ ಯಂತ್ರ) 2029, ದೊಡ್ಡ ಹೀಟರ್‌ಗಳಿಗೆ 2031. ಮನೆಗಳಲ್ಲಿರೋ 40-50 ಗ್ಯಾಲನ್ ಟ್ಯಾಂಕು ಸಾಮಾನ್ಯವಾಗಿ 40,000 ಬಿಟಿಯು ಆಸುಪಾಸಿನದು, ಮೊದಲ ಗುಂಪಿಗೆ ಬರತ್ತೆ. ಟ್ಯಾಂಕ್‌ಲೆಸ್‌ಗಳು 2031ರ ಗುಂಪಿನವು. ಈಗಿರೋದನ್ನು ಕೀಳಬೇಕಿಲ್ಲ, ರಿಪೇರಿ ಮಾಡಿಸಿಕೊಂಡು ಬಳಸಬಹುದು. ಹೊಸದಾಗಿ ಮಾರುವ, ಕೂರಿಸುವ ಹೀಟರ್‌ಗೆ ಮಾತ್ರ ಅನ್ವಯ. ಗ್ಯಾಸ್ ಒಲೆಗೂ ಇದಕ್ಕೂ ಸಂಬಂಧವೇ ಇಲ್ಲ, ಒಗ್ಗರಣೆ ಧಾರಾಳವಾಗಿ ಹಾಕಿಕೊಳ್ಳಬಹುದು.

ಹಾಗಂತ ಬದಲಿಸೋದು ಸಲೀಸಲ್ಲ. ಹೀಟ್ ಪಂಪ್ ಹೀಟರ್ ಸುತ್ತಲಿನ ಗಾಳಿಯಿಂದ ಶಾಖ ಎಳೆದು ನೀರಿಗೆ ಕೊಡತ್ತೆ, ಅದಕ್ಕೇ ಸುತ್ತ ಗಾಳಿ ಬೇಕು. ತಯಾರಕರು ಸಾಮಾನ್ಯವಾಗಿ 700 ಘನ ಅಡಿ ಕೇಳ್ತಾರೆ. 10 ಅಡಿ ಅಗಲ, 20 ಅಡಿ ಉದ್ದ, 8 ಅಡಿ ಎತ್ತರದ ಒಂದು ಕಾರಿನ ಗ್ಯಾರೇಜು 1,600 ಘನ ಅಡಿ, ಯೋಚನೆಯಿಲ್ಲ. ಒಳಗಿನ 3×3 ಕ್ಲಾಸೆಟ್ಟು 72 ಘನ ಅಡಿ. ಅಲ್ಲಿ ಜಾಲರಿ ಬಾಗಿಲು ಅಥವಾ ಡಕ್ಟ್ ಹಾಕದಿದ್ದರೆ ತಾನೇ ತಣ್ಣಗೆ ಮಾಡಿದ ಗಾಳಿಯನ್ನೇ ಮತ್ತೆ ಎಳೆದುಕೊಂಡು, ಕೊನೆಗೆ ಹೆಚ್ಚು ಕರೆಂಟ್ ತಿನ್ನೋ ಕಾಯಿಸುವ ಕಡ್ಡಿಗಳ ಮೇಲೇ ಓಡತ್ತೆ. ಬಿಲ್ಲು ನೋಡಿ ಜನ ಮಷೀನನ್ನು ಬೈತಾರೆ.

ಎತ್ತರದ ಲೆಕ್ಕ ತಪ್ಪೋದು ತುಂಬಾ ಮಾಮೂಲು. ಗ್ಯಾರೇಜಿನ ಗ್ಯಾಸ್ ಹೀಟರ್ 18 ಇಂಚಿನ ಕಟ್ಟೆ ಮೇಲಿರತ್ತೆ, ಕೆಳಗೆ ಪೆಟ್ರೋಲ್ ಆವಿ ನಿಂತರೆ ಕಿಡಿ ತಾಗಬಾರದು ಅಂತ. 80 ಗ್ಯಾಲನ್ ಹೀಟ್ ಪಂಪ್ 75 ಇಂಚಿನ ಹತ್ತಿರ ಬರತ್ತೆ. ಎರಡೂ ಸೇರಿ 93. ಸೂರು 96 ಇಂಚಿನದು. ಮೇಲ್ಗಡೆ ಇರೋ ಫಿಲ್ಟರ್ ಹೊರಗೆಳೆಯೋಕೆ ಕೈ ಹೋಗಲ್ಲ. ಹೀಟ್ ಪಂಪ್‌ಗೂ ಕಟ್ಟೆ ಬೇಕಾ ಅನ್ನೋದಕ್ಕೆ ಒಂದೊಂದು ಊರಿನ ಇನ್‌ಸ್ಪೆಕ್ಟರ್ ಒಂದೊಂದು ಹೇಳ್ತಾರೆ. ನಿಮ್ಮ ಕಮಿಷನ್ ಮಾಡಬಹುದಾದ ಕೆಲಸ ಇಲ್ಲೇ ಒಂದಿದೆ: ಈ ಪ್ರಶ್ನೆಗೆ ಬಿಲ್ಡಿಂಗ್ ವಿಭಾಗದ ಉತ್ತರವನ್ನು ಒಂದು ಪುಟದಲ್ಲಿ ಬರೆಸಿ ವೆಬ್‌ಸೈಟಿಗೆ ಹಾಕಿಸಿ ಅಂತ ಶಿಫಾರಸು ಮಾಡೋದು.

ಭೂಕಂಪಕ್ಕೆ ಟ್ಯಾಂಕ್ ಉರುಳದಂತೆ ಗೋಡೆಗೆ ಬಿಗಿಯೋ ಪಟ್ಟಿ ಎರಡು ಬೇಕು, ಟ್ಯಾಂಕಿನ ಮೇಲಿನ ಮೂರನೇ ಒಂದು ಭಾಗದಲ್ಲಿ ಒಂದು, ಕೆಳಗಿನ ಮೂರನೇ ಒಂದು ಭಾಗದಲ್ಲಿ ಒಂದು. ಹೀಟ್ ಪಂಪ್‌ನಲ್ಲಿ ಮೇಲಿನ ಭಾಗ ಅರ್ಧ ಪ್ಲಾಸ್ಟಿಕ್ ಹೊದಿಕೆ, ಗಾಳಿ ಜಾಲರಿ. ಹಳೇ ಅಭ್ಯಾಸದಲ್ಲಿ ಪಟ್ಟಿಯನ್ನು ಅದರ ಮೇಲೇ ಬಿಗಿದುಬಿಟ್ಟರೆ ಹೊದಿಕೆ ಸೀಳತ್ತೆ, ಗಾಳಿಯೂ ಕಟ್ಟತ್ತೆ, ಇನ್‌ಸ್ಪೆಕ್ಷನ್ನೂ ಫೇಲು. ಪಟ್ಟಿ ಲೋಹದ ಟ್ಯಾಂಕಿನ ಮೇಲೇ ಕೂರಬೇಕು, ಎಲ್ಲಿ ಅನ್ನೋದನ್ನು ಆ ಮಾಡೆಲ್‌ನ ಕೈಪಿಡಿ ತೋರಿಸತ್ತೆ.

ಗಾಳಿಯ ತೇವ ಇಳಿದು ಬರೋ ನೀರಿಗೂ ದಾರಿ ಬೇಕು. ಅದನ್ನು ಗ್ಯಾರೇಜಿನಿಂದ ಹಾದಿಗೆ ಬಿಡುವಂತಿಲ್ಲ, ಒಪ್ಪಿತ ಡ್ರೈನ್‌ಗೇ ಹೋಗಬೇಕು. ಡ್ರೈನ್ ಎತ್ತರದಲ್ಲೋ ದೂರದಲ್ಲೋ ಇದ್ದರೆ ಪುಟ್ಟ ಕಂಡೆನ್ಸೇಟ್ ಪಂಪ್ ಹಾಕಬೇಕು.

ಯಾರೂ ನೋಡದೆ ಬಿಡೋದು ಚಿಮಣಿ. ಹಳೇ ಮನೆಗಳಲ್ಲಿ ಫರ್ನೇಸ್, ವಾಟರ್ ಹೀಟರ್ ಎರಡರ ಹೊಗೆಯೂ ಒಂದೇ ಕೊಳವೆಯಲ್ಲಿ ಹೋಗ್ತಿರತ್ತೆ. ಹೀಟರ್ ತೆಗೆದಾಗ ಉಳಿದ ಫರ್ನೇಸಿಗೆ ಆ ಕೊಳವೆ ತೀರಾ ಅಗಲ. ಹೊಗೆ ಮೇಲೇರೋ ಮುಂಚೆ ತಣ್ಣಗಾಗಿ ಒಳಗೇ ನೀರಾಗತ್ತೆ, ಕೊಳವೆ ತುಕ್ಕು ಹಿಡಿಯತ್ತೆ, ಕಾರ್ಬನ್ ಮಾನಾಕ್ಸೈಡ್ ಮನೆಯೊಳಕ್ಕೆ ತಿರುಗೋ ಅಪಾಯವೂ ಇದೆ. ಕೊಳವೆಯ ಅಳತೆ ಮತ್ತೆ ಲೆಕ್ಕ ಹಾಕಿಸಲೇಬೇಕು. ಕೊಟೇಶನ್‌ನಲ್ಲಿ ಈ ಸಾಲು ಇಲ್ಲದಿದ್ದರೆ ಕೇಳಿ.

ಈಗ ಪ್ಯಾನೆಲ್. "100 ಆಂಪ್ ಸಾಲಲ್ಲ, 200 ಮಾಡಿಸಿ" ಅನ್ನೋದು ಲೆಕ್ಕ ಹಾಕದವರ ಮಾತು. ಎಲೆಕ್ಟ್ರಿಕಲ್ ಕೋಡ್‌ನ 220.87ರಲ್ಲಿ ದಾರಿ ಇದೆ: ಹಿಂದಿನ ಒಂದು ವರ್ಷದಲ್ಲಿ ಮನೆ ಎಳೆದ ಗರಿಷ್ಠ ಲೋಡ್ ತಗೊಂಡು 1.25ರಿಂದ ಗುಣಿಸಿ, ಹೊಸ ಲೋಡ್ ಕೂಡಿಸಿ. ಗರಿಷ್ಠ 7.2 ಕಿಲೋವಾಟ್ ಅಂದರೆ 240 ವೋಲ್ಟಿನಲ್ಲಿ 30 ಆಂಪ್. ಅದರ 1.25 ಪಟ್ಟು 37.5. ಹೀಟರಿನ ಕಡ್ಡಿ 4.5 ಕಿಲೋವಾಟ್, ಅಂದರೆ 18.75 ಆಂಪ್. ಒಟ್ಟು 56 ಚಿಲ್ಲರೆ. 100ರ ಪ್ಯಾನೆಲ್‌ನಲ್ಲಿ ಆರಾಮಾಗಿ ಕೂರತ್ತೆ. ಇದಕ್ಕೆ 30 ಆಂಪ್ ಬ್ರೇಕರ್, 10 ಗೇಜ್ ತಾಮ್ರದ ತಂತಿ.

ಹೊಸ ತಂತಿ ಎಳೆಯೋದು ಆಗಲ್ಲ ಅಂದರೆ ಮಾಮೂಲಿ ಪ್ಲಗ್ಗಿಗೆ ಹಾಕೋ 120 ವೋಲ್ಟ್ ಮಾಡೆಲ್‌ಗಳಿವೆ. ಅವು ನಿಧಾನ. ಹಾಗಾಗಿ 50 ಗ್ಯಾಲನ್ ಗ್ಯಾಸ್ ಇದ್ದ ಕಡೆ 65 ಅಥವಾ 80 ತಗೋಬೇಕು, 140 ಡಿಗ್ರಿ ಫ್ಯಾರನ್‌ಹೀಟ್‌ಗೆ ಕಾಯಿಸಿಟ್ಟು ಮಿಕ್ಸಿಂಗ್ ವಾಲ್ವ್ ಮೂಲಕ 120ಕ್ಕೆ ಇಳಿಸಿ ಬಿಡಬೇಕು. ವಾಲ್ವ್ ಇಲ್ಲದೆ 140ಕ್ಕೆ ಇಟ್ಟರೆ ಮಕ್ಕಳ ಕೈ ಸುಡತ್ತೆ. ಊರಿಂದ ಅಪ್ಪ-ಅಮ್ಮ ಬಂದು ಆರು ತಿಂಗಳು ಇರ್ತಾರೆ, ನೀರು ಸಾಲತ್ತಾ ಅಂತ ಕೇಳೋರಿಗೆ: ನಿಮಿಷಕ್ಕೆ 1.8 ಗ್ಯಾಲನ್ ಶವರ್ ಹತ್ತು ನಿಮಿಷ ಬಿಟ್ಟರೆ 18 ಗ್ಯಾಲನ್. ಬಕೆಟ್ ಸ್ನಾನ ನಾಲ್ಕೈದು ಗ್ಯಾಲನ್‌ನಲ್ಲಿ ಮುಗಿಯತ್ತೆ. ಟ್ಯಾಂಕ್ ಖಾಲಿ ಮಾಡೋರು ಹಿರಿಯರಲ್ಲ!

---

ಜವಾರಿಮಂದಿ:

ಮಷೀನ್ ಯಾವುದು ಅನ್ನೋದು ಆಮ್ಯಾಲಿನ ಮಾತ್ರಿ. ವಾಟರ್ ಹೀಟರ್ ಯಾರೂ ವಿಚಾರ ಮಾಡಿ ಬದಲಸೂದಿಲ್ಲ. ತಳ ತೂತು ಬಿದ್ದು ಗ್ಯಾರೇಜ್ ತುಂಬ ನೀರಾದ ಮ್ಯಾಲೇ ಪ್ಲಂಬರ್‌ಗೆ ಫೋನ್ ಮಾಡ್ತಾರ. ಅವತ್ತ ಸಂಜೀಗೇ ಬಿಸಿನೀರ ಬೇಕು. ಅಂವ ಟ್ರಕ್ಕಿನ್ಯಾಗ ಏನೈತಿ ಅದನ್ನ ಕೂಡ್ರಿಸಿ ಹೋಗ್ತಾನ.

ಹೀಟ್ ಪಂಪ್‌ಗೆ ಇಬ್ಬರು ಬರಬೇಕಾಗ್ತದ. ನೀರಿನ ಕೆಲಸಕ್ಕ ಸಿ-36 ಲೈಸೆನ್ಸಿನ ಪ್ಲಂಬರ್, ಹೊಸ ಸರ್ಕ್ಯೂಟ್ ಎಳೀಲಿಕ್ಕೆ ಸಿ-10 ಎಲೆಕ್ಟ್ರಿಷಿಯನ್. ಇಬ್ಬರೂ ಒಂದೇ ದಿನ ಸಿಗೂದು ಅಪರೂಪ. ಅದಕ್ಕ ಹೀಟರ್ ಹತ್ತು ವರ್ಷ ದಾಟಿದ್ರ ಈಗಲೇ ಸರ್ಕ್ಯೂಟ್ ಎಳಿಸಿ ಇಡ್ರಿ, ಮಷೀನ್ ಆಮ್ಯಾಲೆ ಬರಲಿ. ಇಲ್ಲಂದ್ರ ತಾತ್ಪೂರ್ತಿಕ ಹಳೇ ಗ್ಯಾಸ್ ಹೀಟರ್ ಒಂದು ಎರವಲು ಕೂಡ್ರಿಸಿ, ತಂತಿ ಕೆಲಸ ಆದಮ್ಯಾಲೆ ಹೀಟ್ ಪಂಪ್ ಹಾಕೋ ಪದ್ಧತಿನೂ ಐತಿ. ಆದ್ರ ಎರವಲು ಹೀಟರ್‌ಗೆ ಪರ್ಮಿಟ್ ಬೇರೆ, ಖಾಯಂ ಹೀಟರ್‌ಗೆ ಬೇರೆ ಅಂತ ಎರಡೆರಡು ಫೀ, ಎರಡೆರಡು ಇನ್‌ಸ್ಪೆಕ್ಷನ್ ಕೇಳಿದ್ರ ಯಾವ ಪ್ಲಂಬರ್ ಮಾಡ್ತಾನ? ಎರಡೂ ಒಂದೇ ಪರ್ಮಿಟ್‌ನ್ಯಾಗ ಮುಗಿಯೂ ಹಂಗ ಮಾಡ್ರಿ ಅಂತ ನಿಮ್ಮ ಕಮಿಷನ್ ಕೇಳಲಿ. ಅದು ಸಿಟಿ ಕೈಯಾಗ ಇರೂ ಕೆಲಸ.

ತುರ್ತಿದ್ದಾಗ ಮೊದಲ ಕೆಲಸ ಮಾಡಿ, ಮರುದಿನದ ಆಫೀಸ್ ವ್ಯಾಳೇದಾಗ ಪರ್ಮಿಟ್ ಅರ್ಜಿ ಹಾಕಬಹುದು ಅಂತ ರಾಜ್ಯದ ಬಿಲ್ಡಿಂಗ್ ಕೋಡಿನ್ಯಾಗೇ ಐತಿ. ಭಾಳ ಮಂದಿಗೆ ಗೊತ್ತಿಲ್ಲ, ಅದಕ್ಕ ಪರ್ಮಿಟ್ ತಗೊಳೂದನ್ನೇ ಬಿಟ್ಟುಬಿಡ್ತಾರ.

---

ಹೊಂಗೆಮರ:

ಎಲ್ಲರಿಗೂ ಥ್ಯಾಂಕ್ಸ್, ಇಷ್ಟು ವಿವರ ನಿರೀಕ್ಷಿಸಿರಲಿಲ್ಲ. ಎರಡು ಅನುಮಾನ ಉಳಿದಿವೆ. ಸೋಲಾರ್ ಇರೋ ಮನೆಗೂ ಇದೇ ಪ್ಯಾನೆಲ್ ಲೆಕ್ಕ ನಡೆಯತ್ತಾ? ಮತ್ತೆ, ಏರ್ ಡಿಸ್ಟ್ರಿಕ್ಟ್‌ಗೆ ಕಾಯೋ ಬದಲು "ಹೊಸ ಮನೆಗೆ ಗ್ಯಾಸ್ ಬೇಡ" ಅಂತ ಊರೇ ಆರ್ಡಿನೆನ್ಸ್ ತರೋ ಹಾಗೆ ಕಮಿಷನ್ ಒತ್ತಾಯ ಮಾಡಬಹುದಲ್ವಾ?

---

ನೀರುಕಾಗೆ:

ಸೋಲಾರ್ ಇದ್ದರೆ ಹುಷಾರು. ಕರೆಂಟ್ ಕಂಪನಿ ಪಿಜಿ ಅಂಡ್ ಇಯ ಮೀಟರ್ ತೋರಿಸೋದು ಗ್ರಿಡ್‌ನಿಂದ ಬಂದದ್ದನ್ನು ಮಾತ್ರ. ಮಧ್ಯಾಹ್ನ ಮನೆ 6 ಕಿಲೋವಾಟ್ ಎಳೆದು, ಅದರಲ್ಲಿ 5 ಮಾಳಿಗೆಯಿಂದಲೇ ಬಂದಿದ್ದರೆ ಮೀಟರ್‌ನಲ್ಲಿ ಕಾಣೋದು 1. ಅಂಥ ಮನೆಗೆ 220.83ರ ಲೆಕ್ಕ ಹಾಕಿಸಿ: ಚದರ ಅಡಿಗೆ 3 ವೋಲ್ಟ್-ಆಂಪ್, ಅಡುಗೆಮನೆ ಮತ್ತು ಲಾಂಡ್ರಿ ಸರ್ಕ್ಯೂಟ್‌ಗೆ ತಲಾ 1,500, ಜೊತೆಗೆ ಒಂದೊಂದು ಉಪಕರಣದ ಫಲಕದ ಮೇಲಿರೋ ಅಂಕಿ, ಮೊದಲ 8,000ಕ್ಕೆ ಪೂರ್ತಿ, ಉಳಿದದ್ದಕ್ಕೆ ಶೇ. 40. ಹೊಸ ಎಸಿ ಅಥವಾ ರೂಮ್ ಹೀಟಿಂಗ್ ಸೇರಿಸುವುದಾದರೆ ಅವನ್ನು ಮಾತ್ರ ಪೂರ್ತಿ ಹಿಡಿಯಬೇಕು.

---

ತೂಗುಸೇತುವೆ:

ಆರ್ಡಿನೆನ್ಸ್ ವಿಷಯ ಮರೆತುಬಿಡಿ. ಹೊಸ ಕಟ್ಟಡಕ್ಕೆ ಗ್ಯಾಸ್ ಕೊಳವೆ ಬೇಡ ಅಂತ 2019ರಲ್ಲಿ ಮೊದಲು ಹೇಳಿದ್ದು ಬರ್ಕ್ಲಿ. ರೆಸ್ಟೋರೆಂಟ್ ಮಾಲೀಕರ ಸಂಘ ಕೋರ್ಟಿಗೆ ಹೋಯಿತು. ಉಪಕರಣಗಳ ಇಂಧನ ಬಳಕೆ ನಿಯಂತ್ರಿಸುವುದು ಫೆಡರಲ್ ಕಾನೂನಿನ ವ್ಯಾಪ್ತಿ ಅಂತ ಒಂಬತ್ತನೇ ಸರ್ಕ್ಯೂಟ್ ಕೋರ್ಟು 2023ರ ಏಪ್ರಿಲ್‌ನಲ್ಲಿ ತೀರ್ಪು ಕೊಟ್ಟಿತು, 2024ರ ಜನವರಿಯಲ್ಲಿ ಮರುವಿಚಾರಣೆಯನ್ನೂ ನಿರಾಕರಿಸಿತು. ಆಮೇಲೆ ಊರುಗಳು ಎನರ್ಜಿ ಕೋಡನ್ನು ಬಿಗಿ ಮಾಡುವ ರೀಚ್ ಕೋಡ್ ದಾರಿ ಹಿಡಿದವು. ಅದಕ್ಕೂ 2025ರ ಎಬಿ 130 ಬೀಗ ಹಾಕಿದೆ: 2025ರ ಅಕ್ಟೋಬರ್ 1ರಿಂದ 2031ರ ಜೂನ್ 1ರವರೆಗೆ, ಕೆಲವೇ ವಿನಾಯಿತಿ ಬಿಟ್ಟರೆ, ವಾಸದ ಕಟ್ಟಡಗಳಿಗೆ ರಾಜ್ಯದ ಕೋಡ್‌ಗಿಂತ ಬಿಗಿಯಾದ ಹೊಸ ನಿಯಮ ಊರುಗಳು ತರುವಂತಿಲ್ಲ. ಕಮಿಷನ್ ಇದಕ್ಕೆ ಒಂದು ವರ್ಷ ಸುರಿದರೆ ಸಿಟಿ ಅಟಾರ್ನಿ ಒಂದೇ ಸಾಲಿನಲ್ಲಿ ಮುಚ್ಚಿ ಹಾಕ್ತಾರೆ.

ಉಳಿದಿರೋದು ಪರ್ಮಿಟ್ ಕೌಂಟರ್. ಜವಾರಿಮಂದಿ ಹೇಳಿದ್ದು ನೂರಕ್ಕೆ ನೂರು ಸರಿ. ಅದನ್ನು ಕಮಿಷನ್ ಭಾಷೆಗೆ ತರೋದು ಹೀಗೆ. ಮೊದಲು ಬಿಲ್ಡಿಂಗ್ ವಿಭಾಗದಿಂದ ಕಳೆದ ಮೂರು ವರ್ಷದ ವಾಟರ್ ಹೀಟರ್ ಪರ್ಮಿಟ್ ಸಂಖ್ಯೆ ತರಿಸಿ, ಗ್ಯಾಸ್ ಎಷ್ಟು, ಹೀಟ್ ಪಂಪ್ ಎಷ್ಟು ಅಂತ ಬೇರೆ ಬೇರೆ. ಪಕ್ಕದಲ್ಲಿ ಬರಬೇಕಾಗಿದ್ದ ಸಂಖ್ಯೆ ಇಡಿ. ಉದಾಹರಣೆಗೆ 20,000 ಮನೆಗಳ ಊರು, ಹೀಟರ್ ಸುಮಾರು 12 ವರ್ಷ ಬಾಳತ್ತೆ ಅಂದರೆ ವರ್ಷಕ್ಕೆ 1,600ರ ಮೇಲೆ ಬದಲಾಗಬೇಕು. ಪರ್ಮಿಟ್ 500 ಅಂತಿದ್ದರೆ ಉಳಿದವೆಲ್ಲ ಕದ್ದುಮುಚ್ಚಿ ಕೂತಿವೆ ಅಂತಾಯ್ತು. ಭೂಕಂಪದ ಪಟ್ಟಿಯೂ ಇಲ್ಲ, ಚಿಮಣಿ ತಪಾಸಣೆಯೂ ಇಲ್ಲ. ಹವಾಮಾನದ ಮಾತಿಗೆ ಕಿವಿಗೊಡದ ಕೌನ್ಸಿಲ್ ಸದಸ್ಯರೂ ಕಾರ್ಬನ್ ಮಾನಾಕ್ಸೈಡ್ ಅಂದರೆ ನೆಟ್ಟಗೆ ಕೂರ್ತಾರೆ.

ಮೆಮೋ ಒಂದು ಪುಟ ದಾಟಬಾರದು. ಅದರಲ್ಲಿ ಕೋರಿಕೆ ನಿರ್ದಿಷ್ಟವಾಗಿರಲಿ: ಆನ್‌ಲೈನ್‌ನಲ್ಲಿ ಅದೇ ದಿನ ಸಿಗುವ ಪರ್ಮಿಟ್, ಎರವಲು ಮತ್ತು ಖಾಯಂ ಹೀಟರ್ ಎರಡಕ್ಕೂ ಒಂದೇ ಫೀ, 18 ಇಂಚಿನ ಕಟ್ಟೆ ಮತ್ತು 220.87 ಲೆಕ್ಕದ ಬಗ್ಗೆ ವಿಭಾಗದ ಲಿಖಿತ ನಿಲುವು. ಮುಖ್ಯವಾಗಿ, ಇದಕ್ಕೆ ಸಿಬ್ಬಂದಿಯ ಎಷ್ಟು ಗಂಟೆ ಬೇಕು ಅನ್ನೋದನ್ನು ಸ್ಟಾಫ್ ಲಿಯೇಸನ್ (ಕಮಿಷನ್ ಜೊತೆ ಕೆಲಸ ಮಾಡುವ ಸಿಟಿ ಸಿಬ್ಬಂದಿ) ಹತ್ತಿರ ಮೊದಲೇ ಮಾತಾಡಿ ಬರೆಯಿರಿ. ಗಂಟೆಯ ಲೆಕ್ಕ ಇಲ್ಲದ ಮೆಮೋ "ಮುಂದೆ ನೋಡೋಣ" ಪಟ್ಟಿಗೆ ಹೋಗತ್ತೆ. ಕರಡು ಬರೆಯೋಕೆ ಇಬ್ಬರು ಮೂವರ ತಾತ್ಕಾಲಿಕ ಉಪಸಮಿತಿ ಮಾಡಿಕೊಳ್ಳಬಹುದು. ಕೋರಂಗಿಂತ ಕಡಿಮೆ ಜನ, ಒಂದೇ ಕೆಲಸ, ಕೆಲಸ ಮುಗಿದ ಮೇಲೆ ವಿಸರ್ಜನೆ ಅನ್ನುವಂತಿದ್ದರೆ ಅದಕ್ಕೆ ಬ್ರೌನ್ ಆಕ್ಟ್ ಅಜೆಂಡಾ ಬೇಕಿಲ್ಲ. ಐದು ಜನರ ಕಮಿಷನ್ ಆದರೆ ಇಬ್ಬರೇ, ಮೂರನೆಯವರು ಸೇರಿದರೆ ಕೋರಂ ಆಗಿಬಿಡತ್ತೆ.

---

ಎರಡನೇ_ಗೇರ್:

ವಾಟರ್ ಹೀಟರ್ ಒಂದನ್ನೇ ಹಿಡಿದು ಕೂರಬೇಡಿ ಅನ್ನೋದು ನನ್ನ ಅಭಿಪ್ರಾಯ. ಕಾನೂನು ಸಿಟಿಯ ಕುತ್ತಿಗೆ ಮೇಲೆ ಕೂತಿರೋ ವಿಷಯ ಹಸಿ ಕಸ, ಅಂದರೆ ರಾಜ್ಯದ ಎಸ್‌ಬಿ 1383. 2022ರಿಂದ ಹಸಿ ಕಸ ಬೇರೆ ಸಂಗ್ರಹಿಸೋದು ಕಡ್ಡಾಯ ಅನ್ನೋದು ಎಲ್ಲರಿಗೂ ಗೊತ್ತು. ಅದರಿಂದಾದ ಗೊಬ್ಬರವನ್ನು ಸಿಟಿಯೇ ಕೊಳ್ಳಬೇಕು ಅನ್ನೋದು ಗೊತ್ತಿಲ್ಲ. ಗುರಿ ತಲೆಗೆ ವರ್ಷಕ್ಕೆ 0.08 ಟನ್ ಹಸಿ ಕಸ. 60,000 ಜನರ ಊರಿಗೆ 4,800 ಟನ್. ಟನ್ನಿಗೆ 1.45 ಕ್ಯೂಬಿಕ್ ಯಾರ್ಡ್ ಗೊಬ್ಬರದ ಲೆಕ್ಕದಲ್ಲಿ ಹೆಚ್ಚುಕಡಿಮೆ 7,000 ಯಾರ್ಡ್. ಪಾರ್ಕುಗಳಿಗೆ ಎಷ್ಟು ಸುರಿದರೂ ಮುಗಿಯಲ್ಲ. ಪೂರ್ತಿ ಗೊಬ್ಬರದಲ್ಲೇ ತೀರಿಸಬೇಕಿಲ್ಲ, ಮಲ್ಚ್, ಹಸಿ ಕಸದಿಂದ ಮಾಡಿದ ಗ್ಯಾಸ್, ಕರೆಂಟ್ ಕೂಡ ಲೆಕ್ಕಕ್ಕೆ ಬರತ್ತೆ. ಸಿಟಿ ಪರವಾಗಿ ರೈತರ ಹೊಲಕ್ಕೆ ಗೊಬ್ಬರ ಹಾಕಿಸೋ ಒಪ್ಪಂದಕ್ಕೂ ಅವಕಾಶ ಇದೆ. ನಿಮ್ಮೂರಿಗೆ ಅಂಥ ಒಪ್ಪಂದ ಇದೆಯಾ, ಇದ್ದರೆ ಯಾವಾಗ ಮುಗಿಯತ್ತೆ ಅಂತ ಕೇಳಿ ನೋಡಿ.

ನಮ್ಮವರ ಕಾರ್ಯಕ್ರಮ ಮಾಡೋರಿಗೂ ಒಂದು ಮಾತು: "ಕಂಪೋಸ್ಟಬಲ್" ಅಂತ ಅಚ್ಚಾದ ಪ್ಲಾಸ್ಟಿಕ್‌ನಂಥ ಲೋಟ, ಚಮಚಗಳನ್ನು ಇಲ್ಲಿನ ಎಷ್ಟೋ ಗೊಬ್ಬರ ಘಟಕಗಳು ತಗೊಳ್ಳೋದಿಲ್ಲ. ಹಸಿರು ಡಬ್ಬಕ್ಕೆ ಹಾಕಿದರೆ ಇಡೀ ಡಬ್ಬ ಕಲಬೆರಕೆ ಅಂತ ಗುರುತಾಗತ್ತೆ. ಏನು ನಡೆಯತ್ತೆ ಅಂತ ನಿಮ್ಮೂರಿನ ಕಸ ಸಾಗಿಸುವವರನ್ನು ಮೊದಲೇ ಕೇಳಿ ತಟ್ಟೆ ಕೊಳ್ಳಿ.

---

ತೂಗುಸೇತುವೆ:

ಒಪ್ತೀನಿ, ಆದರೆ ಅದಕ್ಕೆ ಸಿಬ್ಬಂದಿ ಆಗಲೇ ಇದ್ದಾರೆ, ರಾಜ್ಯಕ್ಕೆ ವರದಿಯೂ ಹೋಗ್ತಿರತ್ತೆ. ಹೀಟರ್ ಪರ್ಮಿಟ್ ನೋಡೋರು ಯಾರೂ ಇಲ್ಲ.

ಹೊಂಗೆಮರ ಅವರೇ, ಕ್ಯಾಲೆಂಡರ್ ಗಮನದಲ್ಲಿರಲಿ. ಸಿಟಿಗಳ ಹಣಕಾಸು ವರ್ಷ ಜುಲೈ 1ಕ್ಕೆ ಶುರು, ಮುಂದಿನ ವರ್ಷದ ಆದ್ಯತೆಗಳನ್ನು ಕೌನ್ಸಿಲ್ ಸಾಮಾನ್ಯವಾಗಿ ಚಳಿಗಾಲದಲ್ಲೇ ಗೊತ್ತು ಮಾಡತ್ತೆ. ಫೀ ಬದಲಾಗಬೇಕಾದರೆ ಅದು ಬಜೆಟ್ ಜೊತೆ ಬರುವ ಫೀ ಪಟ್ಟಿಯಲ್ಲೇ ಬರಬೇಕು. ಅಂದರೆ ಕಮಿಷನ್ ಮೆಮೋ ಅಕ್ಟೋಬರ್-ನವೆಂಬರ್ ಸಭೆಯಲ್ಲಿ ಮತಕ್ಕೆ ಬಿದ್ದಿರಬೇಕು. ನೇಮಕ ತಡವಾದರೂ ಅಡ್ಡಿಯಿಲ್ಲ: ಪರ್ಮಿಟ್ ಸಂಖ್ಯೆ ಸಾರ್ವಜನಿಕ ದಾಖಲೆ, ಅದನ್ನು ಯಾರು ಬೇಕಾದರೂ ಕೇಳಬಹುದು. ಕ್ಲರ್ಕ್‌ಗೆ ಇವತ್ತೇ ಅರ್ಜಿ ಹಾಕಿದರೆ, ಹತ್ತು ದಿನದೊಳಗೆ ಕೊಡ್ತೀವೋ ಇಲ್ವೋ ಅಂತ ಅವರು ತಿಳಿಸಲೇಬೇಕು. ಎಕ್ಸೆಲ್ ರೂಪದಲ್ಲೇ ಕೊಡಿ ಅಂತ ಬರೆಯಿರಿ, ಇಲ್ಲದಿದ್ದರೆ ಸ್ಕ್ಯಾನ್ ಮಾಡಿದ ಪಿಡಿಎಫ್ ಬರತ್ತೆ.